ಸಮಾಧಾನ ಹೇಳಲು ಬಂದವರು

‘ಸಮಾಧಾನ’ ಎಂಬ ಮಾತಿಗೆ ನಿಘಂಟಿನಲ್ಲಿ ಏನು ಅರ್ಥವಿದೆಯೋ ನಾನರಿಯೆ. ನಮ್ಮ ಕಡೆ ಅದರ ಅರ್ಥ, ನೋವಿರುವವನ ಮನೆಗೆ ಮಂದಿ ಕೂಡಿಕೊಂಡು ಹೋಗಿ ಚಾ ಕುಡಿಯುವುದು. ಹಾಸಿಗೆ ಹಿಡಿದರೆ ಸಾಕು, ಇಂಥವು ಆಗುತ್ತಲೇ ಇರುತ್ತವೆ. ಕಾಲುವೆ ಆಫೀಸಿನ ಗುಮಾಸ್ತನಾಗಿ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲ ಸುತ್ತಿ ನಾನು ಇಂಡಿಗೆ ಬಂದಿದ್ದೆ. ಒಂದು ಬೇಸಿಗೆಯಲ್ಲಿ ನೀರಿನ ಕೊಡ ಎತ್ತಲು ಹೋಗಿ ಸೊಂಟ ಹಿಡಿಯಿತು. "ಚಲೋ ನಿದ್ದಿ ಮಾಡ್ರಿ, ಅದ ಔಷಧ" ಎಂದರು ಡಾಕ್ಟರು. ಆಗಿನ್ನೂ ಮೊಬೈಲ್ ಇರಲಿಲ್ಲ. ಬರುತ್ತೇವೆಂದು ಯಾರೂ ಮೊದಲೇ ತಿಳಿಸುತ್ತಿರಲಿಲ್ಲ.

೧. ಧೈರ್ಯ

ಮೊದಲು ಬಂದವರು ಮುದ್ದೇಬಿಹಾಳದಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲೀಕರು, ಗಂಡ ಹೆಂಡತಿ. ನನಗೆ ಆಗಷ್ಟೇ ಕಣ್ಣು ಹತ್ತಿತ್ತು. ಗಂಡ ಅಲುಗಾಡಿಸಿ ಎಬ್ಬಿಸಿದರು.

"ರಾತ್ರಿ ನಿದ್ದಿ ಬರ್ತೈತೇನ್ರಿ?"

"ಈಗ ಬಂದಿತ್ರಿ."

"ಹೆದರಬ್ಯಾಡ್ರಿ. ನಮ್ಮ ಅಣ್ಣಗೂ ಹಿಂಗ ಆಗಿತ್ತು. ಎಲ್ಲಾರೂ ಹೋಗಿ ಧೈರ್ಯ ಹೇಳಿದಿವಿ."

"ಈಗ ಹೆಂಗದಾರ್ರಿ?"

ಗಂಡ, ಹೆಂಡತಿಯ ಮುಖ ನೋಡಿದರು. "ಅದ್ಯಾಕ ಈಗ, ಚಾ ಆರ್ತೈತಿ ಕುಡೀರಿ" ಎಂದರು ಆಕೆ.

೨. ಶಾಖ

ಸಿಂದಗಿಯಿಂದ ಬಂದವರು ಇಬ್ಬರು ಗೆಳೆಯರು. ಒಬ್ಬ ಬಿಸಿ ಉಸುಕಿನ ಶಾಖ ಕೊಡಬೇಕೆಂದ. ಇನ್ನೊಬ್ಬ ತಣ್ಣೀರ ಪಟ್ಟಿ ಎಂದ. ಮಾತಿಗೆ ಮಾತು ಬೆಳೆದು ಒಬ್ಬ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. ನಾನೇ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಹೋಗಿ, "ಸಿಟ್ಟಾಗಬ್ಯಾಡಪ್ಪಾ, ಬಾ ಕುಂದರು" ಎಂದು ಅವನಿಗೆ ಸಮಾಧಾನ ಹೇಳಿ ಕರೆತಂದೆ.

೩. ಕಾಕಾ

ಹೂವಿನ ಹಿಪ್ಪರಗಿಯ ನಮ್ಮ ಕಾಕಾ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದರು. ಮಧ್ಯಾಹ್ನವಿಡೀ ತಮ್ಮ ಎತ್ತುಗಳ ಕಥೆ ಹೇಳಿದರು. ನಾನು ಹೊರಳಿದೆ, ಆಕಳಿಸಿದೆ. ಕಣ್ಣು ಮುಚ್ಚಿದರೆ ಮೊಣಕಾಲು ತಟ್ಟಿ, "ಕೇಳಾಕತ್ತಿ ಇಲ್ಲೋ?" ಎನ್ನುತ್ತಿದ್ದರು. ಕೊನೆಗೆ, "ತಮ್ಮಾ, ನಿಂತು ನಿಂತು ನನ್ನ ಸೊಂಟನೂ ಹಿಡದೈತಿ, ಒಂದೀಟ ಏಳು" ಎಂದು ಮಂಚವೇರಿ, ನನ್ನ ಚಾದರವನ್ನೇ ಮುಸುಕೆಳೆದುಕೊಂಡು ಗೊರಕೆ ಹೊಡೆಯತೊಡಗಿದರು. ನಾನು ಕೂರಲಾರದೆ ನಿಲ್ಲಲಾರದೆ ಚಡಪಡಿಸಿದೆ. ಅಳುವುದೊಂದು ಬಾಕಿ ಉಳಿದಿತ್ತು.

ಅಷ್ಟರಲ್ಲಿ ಬಾಗೇವಾಡಿ ಆಫೀಸಿನ ಸಾಹೇಬರು ಮಂದಿ ಕಟ್ಟಿಕೊಂಡು ಬಂದರು. ನನ್ನನ್ನು ನೋಡಿದರು, ಮಂಚವನ್ನು ನೋಡಿದರು.

"ನೀವು ಎದ್ದೀರಲ್ಲ, ಮಲಗಿದವರ‍್ಯಾರ‍್ರಿ?"

"ನಮ್ಮ ಕಾಕಾ ಅದಾರ‍್ರಿ. ಸಮಾಧಾನ ಹೇಳಾಕ ಬಂದಿದ್ರು. ಅವರ ಸೊಂಟನೂ ಹಿಡದೈತಿ."

"ಅಯ್ಯ ಪಾಪ" ಎಂದು ಎಲ್ಲರೂ ಮಂಚದ ಸುತ್ತ ಕೂತು ಕಾಕಾನ ಭುಜ ತಟ್ಟಿದರು.

ಮುಸುಕಿನೊಳಗಿಂದಲೇ ಕಾಕಾ ನನ್ನನ್ನು ಬೈದರು: "ಬ್ಯಾನಿ ಇದ್ದವರ ಮನ್ಯಾಗ ಇಷ್ಟ ಮಂದೀನ ಯಾಕ ಬಿಟ್ಕೋತಿ? ಸಮಾಧಾನದಿಂದ ಮಲಗಾಕ ಬ್ಯಾಡೇನು?"