ಸೊಕ್ಕಿದ ಅಡಿಕೆ ಮತ್ತು ಸೈಕಲ್ ಪಂದ್ಯದ ಏಳನೇ ಕಲಮು

ನಾನು ಬರೆದ ಪತ್ರದಲ್ಲಿ ಸೊಳ್ಳೆ ನುಸುಳಲೂ ಸಂದು ಇರುವುದಿಲ್ಲ ಎಂಬ ಮಾತು ಶಿಕಾರಿಪುರದಲ್ಲಿ ಪ್ರಸಿದ್ಧವಾಗಿತ್ತು. ಅದನ್ನು ಪ್ರಸಿದ್ಧ ಮಾಡಿದವನು ನಾನೇ ಎಂಬುದು ಬೇರೆ ವಿಷಯ. ರಿಜಿಸ್ಟ್ರಿ ಕಚೇರಿಯ ಎದುರಿನ ಜಗಲಿಯ ಮೇಲೆ ಕೂತು ಕ್ರಯಪತ್ರ, ಪಾಲುಪತ್ರ, ದಾನಪತ್ರ ಬರೆಯುವುದು ನನ್ನ ಕಸುಬು. ನಾನು ಚಕ್ಕುಬಂದಿ ಬರೆದೆನೆಂದರೆ ಬದುವಿನ ಹುತ್ತದೊಳಗಿನ ಹಾವಿಗೂ ತಾನು ಯಾರ ಜಮೀನಿನಲ್ಲಿದ್ದೇನೆಂದು ತಿಳಿಯಬೇಕು!

ಹೀಗಿರುವಾಗ, ರಾಜ್ಯ ಒಂದಾದ ಹೊಸತರಲ್ಲಿ, ನಮ್ಮೂರಿನ ಹುಡುಗರು ಸೇರಿ ಶಿಕಾರಿಪುರದಿಂದ ಸೊರಬಕ್ಕೆ ಸೈಕಲ್ ಪಂದ್ಯ ಇಟ್ಟರು. ಮಂಡಿ ವೀರಣ್ಣ ಸಾಹುಕಾರರು ಬಹುಮಾನಕ್ಕೆ ಹೊಚ್ಚ ಹೊಸ ಸೈಕಲ್ಲನ್ನೇ ಕೊಟ್ಟರು. ಆ ಕಾಲದಲ್ಲಿ ಹೊಸ ಸೈಕಲ್ ಎಂದರೆ ಅಳಿಯಂದಿರು ಮುನಿಸಿಕೊಂಡು ಕೇಳುವ ವಸ್ತು. ಇಂಥ ಪಂದ್ಯಕ್ಕೆ ನಿಯಮ ಬರೆಯುವವರು, ತೀರ್ಪು ಕೊಡುವವರು ಯಾರು? ಇನ್ಯಾರು, ನಾನು!

"ಸೈಕಲ್ ಹತ್ತಕ್ಕೇ ಬರದವರು ಸೈಕಲ್ ಪಂದ್ಯಕ್ಕೆ ಜಡ್ಜಾ?" ಎಂದಳು ನನ್ನ ಹೆಂಡತಿ ನೀಲಾ.

"ನಾನೇನು ಉಳುಮೆ ಮಾಡಿ ಹೊಲದ ಪತ್ರ ಬರೀತೀನೇನೇ?" ಎಂದೆ. ಅವಳು ಒಲೆ ಊದಲು ಹೋದಳು. ನಾನು ಗೆದ್ದೆ ಎಂದುಕೊಂಡೆ.

ರಾತ್ರಿ ಹಗಲು ಕೂತು ನಿಯಮ ಬರೆದೆ. ಮೊದಲನೇ ಕಲಮು: 'ಸೈಕಲ್ ಬಿಡಬಲ್ಲ ಯಾವುದೇ ವ್ಯಕ್ತಿ, ಗಂಡಾಗಲಿ ಹೆಣ್ಣಾಗಲಿ, ಜಾತಿ ಮತ ಅಂತಸ್ತುಗಳ ಭೇದವಿಲ್ಲದೆ ಸದರಿ ಪಂದ್ಯಕ್ಕೆ ಹಕ್ಕುದಾರರು.' 'ಹೆಣ್ಣಾಗಲಿ' ಎಂಬುದು ಕೈಯ ಓಟದಲ್ಲಿ ಬಂದದ್ದು, ಪಾಲುಪತ್ರ ಬರೆದ ಅಭ್ಯಾಸ. ಏಳನೇ ಕಲಮು ಮಾತ್ರ ಬುದ್ಧಿಪೂರ್ವಕ. ಹಿಂದೊಮ್ಮೆ ಇಂಥದೇ ಪಂದ್ಯದಲ್ಲಿ ಒಬ್ಬಾತ ಭಂಗಿ ಸೊಪ್ಪು ಅರೆದು ಕುಡಿದು, ಸೀದಾ ಕೆರೆಗೆ ಸೈಕಲ್ ಇಳಿಸಿ, ನೀರಿನಲ್ಲಿ ನಿಂತು "ಗೆದ್ದೆ!" ಎಂದು ಕೂಗಿದ್ದನಂತೆ. ಇನ್ನು ಮುಂದೆ ಹಾಗಾಗಬಾರದೆಂದು ಬರೆದೆ: 'ಮತ್ತು ತರಿಸುವ, ಬೆವರು ಬರಿಸುವ ಅಥವಾ ಎದೆಬಡಿತ ಹೆಚ್ಚಿಸುವ ಯಾವುದೇ ಸೊಪ್ಪು, ಕಾಯಿ, ಬೀಜ, ಪುಡಿ, ಪಾನ, ಲೇಹ್ಯವನ್ನು ತಿಂದವರ, ಕುಡಿದವರ, ಅಗಿದವರ, ಮೂಸಿದವರ ಹಕ್ಕು ತಂಟೆ ತಕರಾರಿಲ್ಲದೆ ರದ್ದು.' ಓದಿ ನನಗೇ ಮೈ ಜುಮ್ಮೆಂದಿತು. ಸೊಳ್ಳೆ ಎಲ್ಲಿಂದ ನುಸುಳುತ್ತದೆ, ನೋಡೋಣ!

ಮೊದಲು ನುಸುಳಿದ್ದು ಆನವಟ್ಟಿಯ ಹೆರಿಗೆ ನರ್ಸ್ ರತ್ನಮ್ಮ. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಆತ ಬಿಟ್ಟುಹೋದ ಹಳೆಯ ಸೈಕಲ್ಲನ್ನೇ, ಸೀರೆ ಕಚ್ಚೆ ಹಾಕಿ ಬಿಗಿದು, ಹಳ್ಳಿಯಿಂದ ಹಳ್ಳಿಗೆ ತುಳಿಯುತ್ತಿದ್ದರು.

"ನನ್ನ ಹೆಸರೂ ಬರ್ಕೊಳ್ಳಿ ರೀ," ಎಂದರು.

"ತಾಯಿ, ಇದು ಗಂಡಸರ ಪಂದ್ಯ..."

"ಹಾಗಂತ ಬರೆದಿಲ್ವಲ್ಲ? 'ಹೆಣ್ಣಾಗಲಿ' ಅಂತ ಇದೆ. ನಾನು ಓದ್ಕೊಂಡೇ ಬಂದೆ."

"ದೂರ ತುಳೀಬೇಕು ಕಣಮ್ಮ."

"ದಿನಾ ಮಾಡೋದು ಇನ್ನೇನು? ಈ ಸೈಕಲ್ ಚೈನು ಹೆಜ್ಜೆಗೊಂದ್ಸಲ ಕಳಚುತ್ತೆ ರೀ. ಮೊನ್ನೆ ಹೊಸಬಾಳೆ ಹಳ್ಳಿಗೆ ನಾನು ಮುಟ್ಟೋ ಹೊತ್ತಿಗೆ ಮಗು ಹುಟ್ಟಿ, ಅತ್ತು, ಮಲಗಿಯೂ ಆಗಿತ್ತು. ಅದು ಪುಣ್ಯ. ಎಲ್ಲ ಸಲ ಪುಣ್ಯ ಇರಲ್ಲ."

ನಾನು ಮೊದಲನೇ ಕಲಮನ್ನು ಇನ್ನೊಮ್ಮೆ ಓದಿಕೊಂಡೆ. ಹೆಸರು ಬರೆದುಕೊಂಡೆ.

ನೀಲಾಳ ತವರು ಸೊರಬ. ಅವಳ ತಮ್ಮ ಚಂದ್ರು ಕೂಡ ಪಂದ್ಯಕ್ಕೆ ನಿಂತಿದ್ದ. ಅವನು ಗೆದ್ದು ಬರುವುದನ್ನು ಕಣ್ಣಾರೆ ನೋಡಬೇಕೆಂದು ಅವಳು ಹಿಂದಿನ ದಿನವೇ ಬಸ್ಸು ಹತ್ತಿದಳು. ಹೋಗುವಾಗ ನನ್ನ ಕೈಗೆ ಒಂದು ಚೀಲ ಕೊಟ್ಟಳು. ವೀಳ್ಯದೆಲೆ, ಜೊತೆಗೆ ತವರಿನಿಂದ ಬಂದ ಅಡಿಕೆ.

"ಹೊರಡೋರ ಕೈಗೆ ಎಲೆ ಅಡಿಕೆ ಇಡದೆ ಕಳಿಸ್ತಾರೇನ್ರೀ? ಮರ್ಯಾದೆ ಬೇಡ್ವಾ? ಎಲ್ರಿಗೂ ಆಗುವಷ್ಟು ಇಟ್ಟಿದೀನಿ."

ಏಳನೇ ಕಲಮು ಬರೆದ ಮಹಾನುಭಾವನಿಗೆ ಆಗ ಏನೂ ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಇಲ್ಲ! ನಮ್ಮಲ್ಲಿ ತಾಂಬೂಲ ಎಂದರೆ ತಿನ್ನುವ ವಸ್ತುವಲ್ಲ, ಮರ್ಯಾದೆ. ಮರ್ಯಾದೆಯನ್ನು ಯಾರಾದರೂ ಮಾದಕ ವಸ್ತುಗಳ ಸಾಲಿಗೆ ಸೇರಿಸುತ್ತಾರೆಯೇ?

ಪಂದ್ಯದ ಬೆಳಿಗ್ಗೆ ಸಾಲಾಗಿ ನಿಂತವರ ಕೈಗೆಲ್ಲ ನಾನೇ ತಾಂಬೂಲ ಇಟ್ಟೆ. ಹಿರಿಯರೆದುರು ಕೊಟ್ಟ ವೀಳ್ಯವನ್ನು ಜೇಬಿಗೆ ಹಾಕಿಕೊಳ್ಳುವುದು ಅಗೌರವ. ಎಲ್ಲರೂ ಅಲ್ಲೇ ಬಾಯಿಗೆ ಹಾಕಿಕೊಂಡು ಅಗಿದರು. ಸಾಲಿನ ಕೊನೆಯಲ್ಲಿ ರತ್ನಮ್ಮ. ನನ್ನ ಕೈ ಚೀಲದೊಳಗೇ ನಿಂತುಬಿಟ್ಟಿತು. ಗಂಡನಿಲ್ಲದವರಿಗೆ ಶುಭಕಾರ್ಯದಲ್ಲಿ ತಾಂಬೂಲ ಕೊಡುವ ರೂಢಿಯಿಲ್ಲ. ಹಿರಿಯರೆಲ್ಲ ನೋಡುತ್ತಿದ್ದಾರೆ. ನಾನು ಕೆಮ್ಮಿದೆ. ಆಕಾಶ ನೋಡಿದೆ. ಸೀಟಿ ಊದಿದೆ. ರತ್ನಮ್ಮ ಮುಂದೆ ಚಾಚಿದ್ದ ಕೈಯನ್ನು ಮೆಲ್ಲಗೆ ಹ್ಯಾಂಡಲ್ಲಿನ ಮೇಲೆ ಇಟ್ಟುಕೊಂಡರು. ಅದನ್ನು ಕಂಡು ನನ್ನ ಕೈ ಮತ್ತೆ ಚೀಲದತ್ತ ಹೋಯಿತು. ಆದರೆ ಸೀಟಿ ಊದಿಯಾಗಿತ್ತು.

ಆಮೇಲೆ ನಾನೂ ಸಾಹುಕಾರರೂ ಬಸ್ಸಿನಲ್ಲಿ ಹೊರಟೆವು. ಊರು ದಾಟಿ ಸ್ವಲ್ಪ ದೂರ ಹೋಗುವುದರಲ್ಲಿ ವಿಚಿತ್ರ ಕಾಣಿಸಿತು. ಒಬ್ಬ ಸ್ಪರ್ಧಿ ಸೈಕಲ್ ಬಿಸಾಕಿ ಹುಣಸೆಮರದ ಬುಡದಲ್ಲಿ ಅಂಗಾತ ಮಲಗಿದ್ದ. ಇನ್ನೊಬ್ಬ ಅಂಗಿ ಬಿಚ್ಚಿ ಅದರಲ್ಲೇ ಗಾಳಿ ಹಾಕಿಕೊಳ್ಳುತ್ತಿದ್ದ. ಸಾಹುಕಾರರ ಮಗ ಬಸವರಾಜ ಮೈಲಿಗಲ್ಲನ್ನು ತಬ್ಬಿಕೊಂಡು ಕಣ್ಣು ಮುಚ್ಚಿ ಕೂತಿದ್ದ.

"ಇದೇನ್ರೀ ಇದು, ನಮ್ಮ ಹುಡುಗ ಹಿಂಗ್ಯಾಕ ಕುಂತಾನ?" ಎಂದರು ಸಾಹುಕಾರರು.

"ಬಿಸಿಲು ಸಾಹುಕಾರ್ರೇ, ಬಿಸಿಲು," ಎಂದೆ, ಚಳಿಗೆ ಮಫ್ಲರ್ ಬಿಗಿದುಕೊಳ್ಳುತ್ತಾ.

ಬಳ್ಳಿಗಾವಿ ದಾರಿಯ ತಿರುವಿನಲ್ಲಿ ರತ್ನಮ್ಮ ಕೂತು ಚೈನು ಸಿಕ್ಕಿಸುತ್ತಿದ್ದರು. ನಮ್ಮ ಬಸ್ಸು ಅವರ ಮೇಲೆ ಧೂಳು ಸುರಿದು ಮುಂದೆ ಹೋಯಿತು. ಶಿರಾಳಕೊಪ್ಪದ ಹೋಟೆಲಿನ ಮುಂದೆ ಎಲ್ಲರಿಗಿಂತ ಮುಂದಿದ್ದ ನನ್ನ ಭಾವಮೈದುನ ಚಂದ್ರು ನಿಂತಿದ್ದ. ಕೈಯಲ್ಲಿ ಟೀ ಲೋಟ! ನಾನು ನೋಡದವನಂತೆ ಮುಖ ತಿರುಗಿಸಿದೆ. ತಿರುಗಿಸಿದ ಕಡೆ ಸಾಹುಕಾರರ ಮುಖವಿತ್ತು. ಆ ಮುಖ ನಗುತ್ತಿತ್ತು.

ಸೊರಬದಲ್ಲಿ ಚಂದ್ರು ಮೊದಲು ಬಂದ. ಹೇಗೋ ಸುಧಾರಿಸಿಕೊಂಡ ಬಸವರಾಜ ಎರಡನೆಯವ. ಮೂರನೆಯವನೊಬ್ಬ ಬಂದು ಬಿದ್ದ ಮೇಲೆ, ಕೈಯೆಲ್ಲ ಚೈನಿನ ಮಸಿ ಮಾಡಿಕೊಂಡು ರತ್ನಮ್ಮ ನಾಲ್ಕನೆಯವರಾಗಿ ಬಂದರು. ನೀಲಾ ತಮ್ಮನ ಬೆನ್ನು ತಟ್ಟುತ್ತಾ, ಬಹುಮಾನಕ್ಕೆಂದು ಅಲ್ಲಿ ನಿಲ್ಲಿಸಿದ್ದ ಹೊಸ ಸೈಕಲ್ಲಿನ ಬೆಲ್ಲನ್ನು ಒಮ್ಮೆ ಬಾರಿಸಿ ನೋಡಿಯೂ ಆಯಿತು.

"ತಕರಾರು ಐತಿ!" ಎಂದು ಸಾಹುಕಾರರು ಎದ್ದು ನಿಂತರು. "ಈ ಹುಡುಗ ದಾರ್ಯಾಗ ಟೀ ಕುಡಿದಾನ. ಏಳನೇ ಕಲಮು ಓದ್ರಿ!"

ನಾನು ಗಂಟಲು ಸರಿಮಾಡಿಕೊಂಡು ಓದಿದೆ. 'ಎದೆಬಡಿತ ಹೆಚ್ಚಿಸುವ ಪಾನ' ಎಂಬಲ್ಲಿ ಜನ ಗುಸುಗುಸು ಎಂದರು. ನೀಲಾ ನನ್ನನ್ನೇ ನೋಡುತ್ತಿದ್ದಳು. ಆದರೆ ನ್ಯಾಯಪೀಠ! ನಾನು ಎದೆ ಸೆಟೆಸಿ ಹೇಳಿದೆ: "ನ್ಯಾಯಕ್ಕೆ ನೆಂಟಸ್ತಿಕೆ ಇಲ್ಲ. ಚಂದ್ರುವಿನ ಹಕ್ಕು ರದ್ದು!"

ಚಪ್ಪಾಳೆ ಬಿತ್ತು. ನನ್ನ ಜೀವನದ ಅತ್ಯುನ್ನತ ಗಳಿಗೆ. ಬಹಳ ಹೊತ್ತು ಇರಲಿಲ್ಲ.

"ಭಾವ, ನಾನು ಟೀ ಯಾಕೆ ಕುಡಿದೆ ಕೇಳಿದ್ರಾ ಮಾರಾಯ್ರೆ?" ಚಂದ್ರು ಮುಂದೆ ಬಂದ. "ನೀವು ಕೊಟ್ಟ ಅಡಿಕೆ ಸೊಕ್ಕಿ! ಕಿವಿಯೆಲ್ಲ ಬಿಸಿ, ಮೈಯೆಲ್ಲ ಬೆವರು, ರಸ್ತೆ ಒಂದಿದ್ದದ್ದು ಎರಡಾಯ್ತು! ಸೊಕ್ಕು ಇಳೀಲಿ ಅಂತ ಸಕ್ಕರೆ ಜಾಸ್ತಿ ಹಾಕ್ಸಿ ಟೀ ಕುಡಿದೆ. ಅಡಿಕೆ ಕಾಯಿಯೋ ಅಲ್ವೋ? ನಾವು ಅಗಿದ್ವೋ ಇಲ್ವೋ? ನಾನು ರದ್ದು ಅಂದ್ರೆ ಬಸವರಾಜನೂ ರದ್ದು, ಎಲ್ರೂ ರದ್ದು!"

"ಸುಳ್ಳು!" ಸಾಹುಕಾರರು ಗುಡುಗಿದರು. ತಾವು ಕೊಟ್ಟ ಸೈಕಲ್ ತಮ್ಮ ಮನೆಗೇ ಬರುವ ಹೊತ್ತಿಗೆ ಈ ವಿಘ್ನ! "ಅಡಿಕಿ ಸೊಕ್ಕೋದೆಲ್ಲಾ ಸೋತವರ ನೆಪ!"

"ಪರೀಕ್ಷೆಯಾಗಲಿ," ಎಂದೆ ನಾನು. ಯಾರೂ ನನ್ನನ್ನು ಕೇಳಿರಲಿಲ್ಲ. ಚೀಲದಲ್ಲಿ ಉಳಿದಿದ್ದ ಅಡಿಕೆಯಲ್ಲಿ ಒಂದನ್ನು ಎಲ್ಲರೆದುರು ಬಾಯಿಗೆ ಹಾಕಿಕೊಂಡು, ಅಗಿಯುತ್ತಲೇ ಭಾಷಣ ಶುರುಮಾಡಿದೆ. "ಮಹಾಜನರೇ, ಸದರಿ ಅಡಿಕೆಯು ನಮ್ಮ ಅತ್ತೆಯ ಮನೆಯದಾಗಿದ್ದು, ಇದರಿಂದ ಯಾರಿಗೂ ಯಾವ ಬಾಧಕವೂ..."

ಅಷ್ಟರಲ್ಲಿ ಸಾಹುಕಾರರು ಇಬ್ಬರಾದರು. ಒಬ್ಬ ಸಾಹುಕಾರರನ್ನು ಸಹಿಸುವುದೇ ಕಷ್ಟ! ಕಿವಿಯಲ್ಲಿ ಜೀರುಂಡೆ ಕೂಗಿತು. ಮಫ್ಲರ್ ಕಿತ್ತೆಸೆದೆ. ಮುಂದಿನದು ನೆನಪಿಲ್ಲ. ಕಣ್ಣು ಬಿಟ್ಟಾಗ ಬೆಂಚಿನ ಮೇಲೆ ಮಲಗಿದ್ದೆ. ರತ್ನಮ್ಮ ಬಾಯಿಗೆ ಬೆಲ್ಲದ ನೀರು ಹಾಕಿ, ನಾಡಿ ಹಿಡಿದು ಕೂತಿದ್ದರು.

"ಏನಿಲ್ಲ, ಹೆದರ್ಬೇಡಿ," ಎಂದರು ಸುತ್ತಲಿದ್ದವರಿಗೆ. "ಸ್ವಲ್ಪ ಬೆವರು, ಎದೆಬಡಿತ ಜಾಸ್ತಿ."

ಬೆವರು! ಎದೆಬಡಿತ! ನನ್ನ ಕಲಮಿನ ಮಾತುಗಳೇ! ಪರೀಕ್ಷೆ ಮುಗಿಯಿತು. ಸಾಹುಕಾರರು ಕೂತರು. ಎಲ್ಲರೂ ರದ್ದು. ಏಳನೇ ಕಲಮಿನಲ್ಲಿ ಎಲ್ಲಾದರೂ ಸಂದು ಇದೆಯೇ ಎಂದು ಮಲಗಿದಲ್ಲೇ ಹುಡುಕಿದೆ. ಇರಲಿಲ್ಲ. ಈಗ ನುಸುಳಬೇಕಾದ ಸೊಳ್ಳೆ ನಾನೇ ಆಗಿದ್ದೆ.

ಆಗ ನೀಲಾ ಕೇಳಿದಳು: "ಎಲ್ರಿಗೂ ಕೊಟ್ರಿ ತಾನೆ? ರತ್ನಕ್ಕನಿಗೆ ಕೊಟ್ರಾ?"

"ಅದು... ಇಲ್ಲ."

"ಯಾಕೆ? ಎಲ್ರಿಗೂ ಆಗುವಷ್ಟು ಇಟ್ಟಿದ್ನಲ್ಲ?"

ಯಾಕೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನನ್ನ ಮೇಲೆ ಬೀಸಣಿಗೆ ಬೀಸುತ್ತಿದ್ದವನೂ ಬೀಸುವುದು ನಿಲ್ಲಿಸಿದ. ನನಗೆ ನಾಚಿಕೆಯಾಯಿತು, ಸೊಕ್ಕಿದ್ದಕ್ಕಲ್ಲ.

"ಕೊಟ್ಟಿದ್ರೆ ನಾನೂ ಅಗೀತಿದ್ದೆ," ಎಂದರು ರತ್ನಮ್ಮ, ನನ್ನ ನಾಡಿ ಬಿಡದೆ. "ನಾಲ್ಕನೇವಳಾಗಿ ಬಂದಿದೀನಿ. ಗೆದ್ದೆ ಅಂತ ಹೇಳಲ್ಲ. ಹಾಗಂತ ಸೈಕಲ್ ಬೇಡ ಅಂತಾನೂ ಹೇಳಲ್ಲ ರೀ."

ನಾನು ಮಲಗಿದಲ್ಲಿಂದಲೇ ತೀರ್ಪು ಕೊಟ್ಟೆ: ಅಡಿಕೆ ಅಗಿಯದವರು ರತ್ನಮ್ಮ ಒಬ್ಬರೇ, ಸೈಕಲ್ ಅವರದೇ. ಯಾವ ನ್ಯಾಯಾಧೀಶನೂ ಆ ಭಂಗಿಯಲ್ಲಿ ತೀರ್ಪು ಕೊಟ್ಟಿರಲಾರ. ಚಂದ್ರು ಒಂದು ಕ್ಷಣ ಹೊಸ ಸೈಕಲ್ಲನ್ನೇ ನೋಡಿದ. ಆಮೇಲೆ ತಾನೇ ಅದನ್ನು ರತ್ನಮ್ಮನ ಬಳಿಗೆ ತಳ್ಳಿಕೊಂಡು ಬಂದು, ಎರಡೂ ಚಕ್ರ ಒತ್ತಿ ನೋಡಿ, "ಗಾಳಿ ಸರಿ ಇದೆ ಅಕ್ಕ," ಎಂದ. ನೀಲಾ ಚೀಲ ಕೊಡವಿ, ಉಳಿದಿದ್ದ ಒಂದು ಎಲೆ, ಒಂದು ಅಡಿಕೆಯನ್ನು ಎಲ್ಲರೆದುರು ರತ್ನಮ್ಮನ ಮಸಿಗೈಗೆ ಇಟ್ಟಳು.

"ಈಗ ತಿಂದ್ರೆ ರದ್ದಾಗಲ್ವಾ?" ರತ್ನಮ್ಮ ನಕ್ಕರು. ಜನರೂ ನಕ್ಕರು. ನಕ್ಕರೂ ಆ ತಾಂಬೂಲವನ್ನು ಅವರು ಔಷಧದ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡರು.

ಇಲ್ಲಿಗೆ ಮುಗಿದಿದ್ದರೆ ನನ್ನ ಮಾನ ಅಷ್ಟಿಷ್ಟಾದರೂ ಉಳಿಯುತ್ತಿತ್ತು. ನನಗೆ ನಿಂತರೆ ಕಾಲು ನಡುಗುತ್ತಿತ್ತು. ಅತ್ತೆಯ ಮನೆ ಊರಿನ ಆ ತುದಿ. ಗಾಡಿ ಇಲ್ಲ. "ಬನ್ನಿ, ಕ್ಯಾರಿಯರ್ ಮೇಲೆ ಕೂತ್ಕೊಳ್ಳಿ," ಎಂದರು ರತ್ನಮ್ಮ. ಹೊಸ ಸೈಕಲ್ಲಿನ ಮೊದಲ ಸವಾರಿ ನನ್ನದೇ! ಸೊರಬದ ಪೇಟೆ ಬೀದಿಯಲ್ಲಿ, ನಾಲ್ಕನೆಯವರಾಗಿ ಬಂದು ಗೆದ್ದವರ ಹಿಂದೆ, ಕಣ್ಣು ಮುಚ್ಚಿ ಸೀಟು ಗಟ್ಟಿಯಾಗಿ ಹಿಡಿದುಕೊಂಡು, ಅತ್ತೆಯ ಮನೆಗೆ ಮೆರವಣಿಗೆ ಹೊರಟೆ. ಅಂಗಡಿಯವರೆಲ್ಲ ಎದ್ದು ನಿಂತು ನೋಡಿದರು. ಪಕ್ಕದಲ್ಲಿ ನಡೆದು ಬರುತ್ತಿದ್ದ ನೀಲಾ ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದಳು:

"ಏನ್ರೀ, ಹೆಂಗಸರ ಹಿಂದೆ ಕ್ಯಾರಿಯರ್ ಮೇಲೆ ಕೂತು ಬರೋ ಜಡ್ಜುಗಳ ಬಗ್ಗೆ ಕಲಮು ಏನೂ ಬರೆದಿಲ್ವಾ?"

ಅದೊಂದನ್ನು ಬರೆಯಲು ಮರೆತಿದ್ದೆ.