ಅನ್ಯಲೋಕದವರನ್ನು ಗುರುತಿಸುವ ಬಗೆ

ಬೇರೆ ಲೋಕಗಳಲ್ಲಿ ಬುದ್ಧಿವಂತ ಜೀವಿಗಳಿದ್ದಾರೆಯೇ ಎಂದು ಯಾರಾದರೂ ಕೇಳಿದರೆ ನಾನು ಈಗ ಬಾಯಿ ಬಿಡುವುದಿಲ್ಲ. ಒಂದು ಕಾಲದಲ್ಲಿ ಧಾರಾಳವಾಗಿ ಬಿಡುತ್ತಿದ್ದೆ. ಆಕಾಶದಲ್ಲಿ ಹಾರುವ ತಟ್ಟೆಗಳು ಕಂಡವೆಂದು ಪತ್ರಿಕೆಗಳಲ್ಲಿ ಸುದ್ದಿ ಬರುತ್ತಿದ್ದ ದಿನಗಳು ಅವು. ಮಲ್ಲೇಶ್ವರದ ನಮ್ಮ ಅಡ್ಡರಸ್ತೆಗೆ ತಟ್ಟೆ ಬರಲಿಲ್ಲ, ಸುದ್ದಿ ಮಾತ್ರ ಬಂತು. ಸಂಜೆ ಎದುರುಮನೆಯ ಜಗಲಿಯಲ್ಲಿ ನಾನೂ ಆ ಮನೆಯ ಯಜಮಾನರಾದ ನಿವೃತ್ತ ಗಣಿತದ ಮೇಷ್ಟ್ರೂ ಕೂತು ಮಂಗಳ ಗ್ರಹದ ಆಡಳಿತವನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದೆವು. ಸರ್ಕಾರಿ ಕಚೇರಿಯ ಗುಮಾಸ್ತನಾದ ನನಗೆ ಬೇರೆಲ್ಲೂ ಆಡಳಿತ ನಡೆಸುವ ಅವಕಾಶವಿರಲಿಲ್ಲ.

ಮೇಷ್ಟ್ರಿಗೆ ಒಂದು ಅನುಮಾನವಿತ್ತು. ಬೇರೆ ಲೋಕದವರು ಇರಬಹುದು, ಬರಲೂಬಹುದು, ಆದರೆ ಬಂದದ್ದು ನಮಗೆ ಗೊತ್ತಾಗುವುದು ಹೇಗೆ? ಎರಡು ಕೈ, ಎರಡು ಕಣ್ಣು ಇರಲೇಬೇಕೆಂದು ಎಲ್ಲಿ ಬರೆದಿದೆ? ನೋಡುವುದಕ್ಕೆ ಹುಣಸೆಮರದ ಹಾಗೆ ಇದ್ದುಬಿಟ್ಟರೆ ಏನು ಗತಿ? ಬುದ್ಧಿ ಎಲ್ಲಿದ್ದರೂ ಅಡಗುವುದಿಲ್ಲ ಎಂದು ನಾನು ವಾದಿಸಿದೆ. ಹತ್ತು ವರ್ಷದಿಂದ ಕಚೇರಿಯ ಮೇಜಿನ ಹಿಂದೆ ಕೂತವನು ನಾನು. ಬಂದವರು ಯಾರು, ಏತಕ್ಕೆ ಬಂದರು ಎಂದು ಒಂದೇ ನೋಟಕ್ಕೆ ಹೇಳಬಲ್ಲೆ ಎಂದೆ. ಮೇಷ್ಟ್ರು ನಶ್ಯ ಏರಿಸಿದರು. ನಾನು ಗೆದ್ದೆನೆಂದುಕೊಂಡೆ.

ಮನೆಯಲ್ಲಿ ನನಗೆ ಮಂಗಳ ಗ್ರಹಕ್ಕಿಂತ ದೊಡ್ಡ ಚಿಂತೆ ಇತ್ತು. ತಂದೆತಾಯಿ ಇಲ್ಲದ ಮನೆ, ನಾನು ಮತ್ತು ತಂಗಿ ಪದ್ಮ ಇಬ್ಬರೇ. ಅವಳ ಮದುವೆ ಮಾಡದೆ ನಾನು ಮದುವೆಯಾಗುವ ಹಾಗಿರಲಿಲ್ಲ. ವಯಸ್ಸು ಹೆಚ್ಚಾಯಿತೆಂದು ಎರಡು ಸಂಬಂಧ ತಪ್ಪಿಹೋಗಿದ್ದವು. ಮೂರನೆಯದು ಚಾಮರಾಜಪೇಟೆಯದು. ಹುಡುಗ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಈ ಸಲ ನಾನು ಜಾಣನಾಗಿ ಇಪ್ಪತ್ತಮೂರನ್ನು ಇಪ್ಪತ್ತು ಮಾಡಿ, ಅದಕ್ಕೆ ಹೊಂದುವಂತೆ ಜಾತಕವನ್ನೂ ಬರೆಸಿ ಕಳಿಸಿದ್ದೆ. ಪದ್ಮ ಬೇಡವೆಂದಳು, ನಾನು ಕೇಳಲಿಲ್ಲ. ಇದೂ ತಪ್ಪಿದರೆ ಅವಳ ಮುಖ ಹೇಗೆ ನೋಡಲಿ ಎಂದು ನಿಜಕ್ಕೂ ಹೆದರಿದ್ದೆ. ಮುಂದಿನ ಭಾನುವಾರ ಅವರು ಹೆಣ್ಣು ನೋಡಲು ಬರುವುದೆಂದು ಗೊತ್ತಾಗಿತ್ತು.

ಅದೇ ಸಮಯಕ್ಕೆ ಊರಲ್ಲಿ ಜನಗಣತಿ. ಬಾಗಿಲ ಚೌಕಟ್ಟಿನ ಮೇಲೆ ಆಗಲೇ ನಂಬರು ಬರೆದು ಹೋಗಿದ್ದರು. ಹೆಣ್ಣು ನೋಡುವ ಭಾನುವಾರಕ್ಕೆ ಇನ್ನೂ ಎಂಟು ದಿನವಿರುವಾಗ, ಶನಿವಾರ ಸಂಜೆ, ಕೋಟು, ಕಚ್ಚೆಪಂಚೆ, ಕೈಯಲ್ಲಿ ಕೊಡೆ, ಕಂಕುಳಲ್ಲಿ ಪುಸ್ತಕ ಇದ್ದ ಹಿರಿಯರೊಬ್ಬರು ಗೇಟಿನ ಬಳಿ ನಿಂತು ನಂಬರು ನೋಡುತ್ತಿದ್ದರು. ಒಂದೇ ನೋಟಕ್ಕೆ ಗುರುತು ಹಿಡಿದೆ. "ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಿದ್ದೆ" ಎಂದೆ. ಅವರಿಗೆ ಸ್ವಲ್ಪ ಆಶ್ಚರ್ಯವಾದ ಹಾಗೆ ಕಂಡಿತು. ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಒಳಗೆ ಬಂದು ಕೂತರು. ಮನೆಯಲ್ಲಿ ಎಷ್ಟು ಜನ, ಮೂಲ ಯಾವ ಊರು, ಮನೆ ಸ್ವಂತದ್ದೋ ಬಾಡಿಗೆಯದೋ, ಕಾಯಿಲೆ ಕಸಾಲೆ ಉಂಟೋ ಎಂದು ವಿಚಾರಿಸಿದರು. ಸರ್ಕಾರದ ಅನ್ನ ತಿನ್ನುವವನು ಸರ್ಕಾರಕ್ಕೆ ಸುಳ್ಳು ಹೇಳಬಾರದು. ನನ್ನ ಉಬ್ಬಸವನ್ನೂ ಒಪ್ಪಿಕೊಂಡೆ. ತಂಗಿಗೆ ಹಾಡು ಬರುತ್ತದೆಯೇ ಎಂದು ಕೇಳಿದಾಗ, ಸ್ವತಂತ್ರ ಸರ್ಕಾರಕ್ಕೆ ಸಂಗೀತದಲ್ಲೂ ಆಸಕ್ತಿ ಹುಟ್ಟಿದೆಯೆಂದು ಸಂತೋಷಪಟ್ಟೆ. ಕೊನೆಗೆ ಅವಳ ವಯಸ್ಸು ಕೇಳಿದರು.

ನಾನು ದನಿ ತಗ್ಗಿಸಿದೆ. "ಇಪ್ಪತ್ಮೂರು ಸ್ವಾಮಿ. ಗಂಡಿನ ಕಡೆಯೋರಿಗೆ ಇಪ್ಪತ್ತು ಅಂದಿದೀವಿ. ನೀವು ಇಪ್ಪತ್ಮೂರು ಅಂತಲೇ ಬರ್ಕೊಳ್ಳಿ."

ಅವರು ಏನನ್ನೂ ಬರೆದುಕೊಳ್ಳಲಿಲ್ಲ. ಪದ್ಮ ಬೆಳ್ಳಿ ಲೋಟದಲ್ಲಿ ಕಾಫಿ ತಂದಿಟ್ಟಳು. ಗಣತಿಯವರಿಗೆ ಬೆಳ್ಳಿ ಲೋಟವೇಕೆ ಎಂದು ನಾನು ಕಣ್ಣಲ್ಲೇ ಗದರಿದೆ. ಅವರು ಕಾಫಿ ಕುಡಿದು, ಅವಳನ್ನು ಒಮ್ಮೆ ನೋಡಿ, ಹೊರಟುಹೋದರು.

ಎರಡು ದಿನ ಬಿಟ್ಟು ನಿಜವಾದ ಗಣತಿಯವನು ಬಂದ. ಅವನು ಹಾಡಿನ ವಿಚಾರ ಎತ್ತಲೇ ಇಲ್ಲ. ಹೆಣ್ಣು ನೋಡುವ ಮೊದಲು ಗಂಡಿನ ಕಡೆಯ ಹಿರಿಯರೊಬ್ಬರು ಹೇಳದೆ ಕೇಳದೆ ಬಂದು ಮನೆತನ ವಿಚಾರಿಸಿಕೊಂಡು ಹೋಗುವುದು ನಮ್ಮಲ್ಲಿ ಹೊಸದೇನಲ್ಲ. ಅದು ಆಗ ನೆನಪಾಯಿತು. ಅಡುಗೆಮನೆಗೆ ಓಡಿದೆ. ಪದ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಬಂದವರು ಹುಡುಗನ ದೊಡ್ಡಪ್ಪ ಇರಬೇಕೆಂದು ತಲೆ ಎತ್ತದೆ ಹೇಳಿದಳು.

"ನಿಂಗೆ ಹೇಗೆ ಗೊತ್ತಾಯ್ತು?"

"ಗಣತಿಯೋರು ಕಾಲು ತೊಳ್ಕೊಂಡು ಒಳಗೆ ಬರ್ತಾರಾ ಅಣ್ಣ?"

"ಮತ್ತೆ ನನ್ನ ಯಾಕೆ ತಡೀಲಿಲ್ಲ?"

"ನಿಜ ಹೇಳ್ತಿದ್ದೆಯಲ್ಲ. ಯಾಕೆ ತಡೀಲಿ?"

ಆ ವಾರ ನಾನು ಮೇಷ್ಟ್ರ ಜಗಲಿ ಹತ್ತಲಿಲ್ಲ. ಚಾಮರಾಜಪೇಟೆಯವರು ಬರುವುದಿಲ್ಲವೆಂದೇ ನಂಬಿದ್ದೆ. ಭಾನುವಾರ ಹೇಳಿದ ಹೊತ್ತಿಗೆ ಜಟಕಾ ಬಂದು ನಿಂತಿತು. ಮೊದಲು ಇಳಿದವರು ಆ ಕೊಡೆಯ ಹಿರಿಯರೇ. ಪದ್ಮ ಹಾಡಿದ ಮೇಲೆ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಅವರು ಮೆಲ್ಲಗೆ ಹೇಳಿದರು, "ಹುಡುಗನ ವಯಸ್ಸನ್ನ ನಾವೂ ಎರಡು ವರ್ಷ ಇಳಿಸಿದೀವಿ. ನೀವು ಬರ್ಕೊಳ್ಳಿ."

ಮದುವೆಯಾಯಿತು. ತಂಗಿ ಗಂಡನ ಮನೆಗೆ ಹೋದ ಮೇಲೆ ಒಂದು ಸಂಜೆ ಜಗಲಿಯಲ್ಲಿ ಮೇಷ್ಟ್ರು ಹಳೆಯ ಪ್ರಶ್ನೆಯನ್ನೇ ತೆಗೆದರು. ಬುದ್ಧಿವಂತ ಜೀವಿ ಇದೆ ಮೇಷ್ಟ್ರೇ, ಇಪ್ಪತ್ತಮೂರು ವರ್ಷ ನಮ್ಮ ಮನೆಯಲ್ಲೇ ಇತ್ತು, ನನಗೆ ಗುರುತು ಸಿಗುವ ಹೊತ್ತಿಗೆ ಚಾಮರಾಜಪೇಟೆಗೆ ಹೋಯಿತು ಎಂದೆ. ಅವರು ನಶ್ಯ ಏರಿಸಿ, ಎದುರಿಗೆ ದೀಪ ಹಚ್ಚದ ನಮ್ಮ ಮನೆಯನ್ನು ನೋಡಿದರು. ಈಗ ಅಲ್ಲಿ ಅಂಥ ಜೀವಿ ಯಾವುದಾದರೂ ಇದೆಯೇ ಎಂದು ಮಾತ್ರ ಕೇಳಲಿಲ್ಲ.