ಈಜುಟೋಪಿಗೆ ಬೂಟ್ ಪಾಲಿಶ್

"ಇದು ಟೋಪಿಯೋ, ಬಾಣಲೆ ತಳವೋ? ನಿಜ ಹೇಳಿ!"

ನಿವೃತ್ತ ಡ್ರಿಲ್ ಮೇಷ್ಟ್ರು ಈಜುಚಡ್ಡಿ ತೊಟ್ಟು, ಕನ್ನಡಿಯ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದರು. ಬಾಗಿಲಿಗೆ ಅಡ್ಡವಾಗಿ ಅವರ ಹೆಂಡತಿ ಟೈಲರಮ್ಮ. ನಿನ್ನೆ ತಾನೇ ಆಕೆ ತಂದುಕೊಟ್ಟಿದ್ದ ಕಿತ್ತಳೆ ಬಣ್ಣದ ಈಜುಟೋಪಿ ಬೆಳಗಾಗುವುದರೊಳಗೆ ಕರ್ರಗೆ ಮಿರಮಿರ ಹೊಳೆಯುತ್ತಿತ್ತು. ಪಾಲಿಶ್ ಹಚ್ಚುವುದರಲ್ಲಿ ಮೇಷ್ಟ್ರದು ಪಳಗಿದ ಕೈ. ಆದರೆ ಬೂಟು ಬಿಟ್ಟು ತಲೆಯ ಮೇಲಿನದಕ್ಕೆ ಕೈ ಹಾಕಿದ್ದು ಇದೇ ಮೊದಲು.

ಮೇಷ್ಟ್ರು: ಕೆರೆಗಿಳಿಯೋ ಗಂಡಸಿಗೆ ಒಂದು ಗಾಂಭೀರ್ಯ ಬೇಡವೇನೇ?

ಟೈಲರಮ್ಮ: ಮೊನ್ನೆ ದೋಣಿ ನಿಮ್ಮ ತಲೆ ಪಕ್ಕದಲ್ಲೇ, ಒಂದು ಮೊಳ ದೂರದಲ್ಲಿ ಹೋಯ್ತಲ್ಲ, ಆಗೆಲ್ಲಿತ್ತು ಗಾಂಭೀರ್ಯ?

ಮೇಷ್ಟ್ರು: ನನ್ನ ಜೊತೇಲೇ ಮುಳುಗಿತ್ತು. ಆಮೇಲೆ ಇಬ್ರೂ ಎದ್ವಿ.

ಟೈಲರಮ್ಮ: ಟೋಪಿ ಜೊತೆ ತಂದ ಆ ತೇಲುಚೀಲ ಎಲ್ಲಿ? ನಿನ್ನೆ ಸಂಜೆ ಗಾಳಿ ತುಂಬಿಸಿಟ್ಟಿದ್ದೆ.

ಮೇಷ್ಟ್ರು: ಪಾಪ, ತಾನಾಗೇ ಸೋರಿಹೋಯ್ತು.

ಟೈಲರಮ್ಮ: ಅದರ ಬಿರಡೆ ತಾನಾಗೇ ನಡ್ಕೊಂಡು ಬಂದು ನಿಮ್ಮ ಅಂಗಿ ಜೇಬು ಸೇರ್ತಾ?



ಮೇಷ್ಟ್ರು: ನೂರಾರು ಮಕ್ಕಳಿಗೆ ಈಜು ಕಲಿಸಿದವನು ಕಣೇ ನಾನು! ಹಿಂದೆ ಬಲೂನು ಎಳ್ಕೊಂಡು ಹೋದ್ರೆ, ಹುಟ್ಟಿದಹಬ್ಬ ಎಲ್ಲಿ ಅಂತ ಕೇಳ್ತಾರೆ.

ಟೈಲರಮ್ಮ: ಅದು ನಿಮ್ಮನ್ನ ತೇಲಿಸೋಕಲ್ಲ, ದೂರದಿಂದ ಕಾಣಿಸೋಕೆ. ಸುಸ್ತಾದ್ರೆ ತಬ್ಕೊಂಡು ಸುಧಾರಿಸ್ಕೋಬಹುದು. ಅದರ ಹಗ್ಗ ಸೊಂಟಕ್ಕೆ, ಈ ಸೀಟಿ ಕೊರಳಿಗೆ.

ಮೇಷ್ಟ್ರು: ಸೀಟಿ ಊದಿ ನಾನು ಬೇರೆಯವರನ್ನ ಓಡಿಸಿದ್ದೀನೇ ಹೊರತು, ಕಾಪಾಡಿ ಅಂತ ಕರೆದಿಲ್ಲ.

ಎದೆಯುಬ್ಬಿಸಿ ಅಂದರೇನೋ ಸರಿ, ಅಸಲು ಸಂಗತಿ ಬೇರೆಯೇ ಇತ್ತು. ದಿನಾ ಆಚೆ ದಡ ಮುಟ್ಟಿ ಬರುತ್ತೇನೆಂದು ಆರು ತಿಂಗಳಿಂದ ಮನೆಯಲ್ಲಿ ಕೊಚ್ಚಿಕೊಂಡಿದ್ದರು. ಈಜುತ್ತಿದ್ದದ್ದು ನಡುವಿನ ಬಂಡೆಯವರೆಗೆ. ಉಳಿದ ಹೊತ್ತೆಲ್ಲ ಅದರ ಮೇಲೆ ಬಿಸಿಲು ಕಾಯಿಸುವುದು. ಮನೆಯಿಂದ ಅಷ್ಟು ದೂರಕ್ಕೆ ತಾನು ಕಾಣೆನೆಂಬುದು ಅವರ ಲೆಕ್ಕ. ಕುಂಬಳಕಾಯಿ ಗಾತ್ರದ ಕಿತ್ತಳೆ ಚೀಲ ಬಂಡೆಯ ಪಕ್ಕ ಮುಕ್ಕಾಲು ಗಂಟೆ ತೇಲುತ್ತ ನಿಂತರೆ, ತಾರಸಿಯಲ್ಲಿ ಬಟ್ಟೆ ಒಣಹಾಕುವ ಹೆಂಡತಿಯ ಕಣ್ಣಿಗೆ ಬೀಳದೇ ಇರುತ್ತದೆಯೇ? ಮೇಷ್ಟ್ರ ಮಾನ ನೀರುಪಾಲಾಗುವುದು ಖಂಡಿತ.

ಅಷ್ಟರಲ್ಲಿ ಹೊಸಿಲ ಬಳಿ ಯಾರೋ ಕೆಮ್ಮಿದರು. ಮೊನ್ನೆ ಮೇಷ್ಟ್ರನ್ನು ಗುದ್ದುವುದರಲ್ಲಿದ್ದ ದೋಣಿಯವನೇ.

ದೋಣಿಯವ: ಮೇಷ್ಟ್ರೇ, ಮೊನ್ನೆಯಿಂದ ಅನ್ನ ಗಂಟಲಲ್ಲಿ ಇಳೀತಿಲ್ಲ. ಎದುರುಬಿಸಿಲಲ್ಲಿ ನಿಮ್ಮ ತಲೆ ಮರದ ಕೊರಡು ಅನ್ಕೊಂಡುಬಿಟ್ಟೆ. ಎದ್ದು ಕಾಣೋ ಅಂಥದ್ದು ಏನಾದ್ರೂ ಹಾಕ್ಕೊಳ್ಳಿ, ನಿಮ್ಮ ಕಾಲಿಗೆ ಬೀಳ್ತೀನಿ. ಇಲ್ಲಾಂದ್ರೆ ನೀರಿಗೇ ಇಳೀಬೇಡಿ, ದಿನಾ ಕೂರ್ತೀರಲ್ಲ, ಆ ಬಂಡೆ ಮೇಲೇ ಕೂತಿರಿ. ನಾನೇ ಕರ್ಕೊಂಡು ಹೋಗಿ ಬಿಡ್ತೀನಿ.

ಮೇಷ್ಟ್ರು ಒಳಗೆಳೆದುಕೊಂಡಿದ್ದ ಹೊಟ್ಟೆ ಹೊರಗೆ ಬಂತು. ದೋಣಿಯವ ಇಬ್ಬರ ಮುಖವನ್ನೂ ನೋಡಿ, ಕೆಲಸವಿದೆ ಎಂದು ಕಾಲಿಗೆ ಬುದ್ಧಿ ಹೇಳಿದ.

ಮೇಷ್ಟ್ರು: ಅದು... ಒಂದೊಂದು ದಿನ... ಕಾಲು ಹಿಡ್ಕೊಂಡಾಗ...

ಟೈಲರಮ್ಮ: ಸಾಕು ಬಿಡಿ. ಆಚೆ ದಡದವರ ಬಟ್ಟೆಯೆಲ್ಲ ಹೊಲಿಯೋಳು ನಾನು. ನಿಮ್ಮನ್ನ ಅಲ್ಲಿ ಒಂದು ದಿನಾನೂ ಕಂಡವರಿಲ್ಲ. ಮೊದಲ ವಾರದಲ್ಲೇ ಗೊತ್ತಾಯ್ತು.

ಮೇಷ್ಟ್ರು: ಮತ್ತೆ ಈ ಟೋಪಿ, ಚೀಲ? ನನ್ನ ಸುಳ್ಳು ಹಿಡಿಯೋಕಲ್ವಾ?

ಟೈಲರಮ್ಮ: ಸುಳ್ಳು ಕಟ್ಕೊಂಡು ನನಗೇನಾಗ್ಬೇಕು? ಮೊನ್ನೆ ದೋಣಿ ಹೋದ ಮೇಲೆ ನೀರಲ್ಲೂ ನೀವಿಲ್ಲ, ಬಂಡೆ ಮೇಲೂ ನೀವಿಲ್ಲ. ಒದ್ದೆ ಸೀರೆ ಕೈಲಿ ಹಿಡ್ಕೊಂಡು ನಿಂತುಬಿಟ್ಟೆ. ಜೀವ ಬಾಯಿಗೆ ಬಂದಿತ್ತು ಕಣ್ರೀ.

ಆಕೆಯ ದನಿ ಅಷ್ಟು ನಡುಗಿದ್ದನ್ನು ಮೇಷ್ಟ್ರು ಎಂದೂ ಕೇಳಿರಲಿಲ್ಲ. ಅವರಿಗೆ ನಾಚಿಕೆಯೂ ಆಯಿತು, ಸಂಕಟವೂ ಆಯಿತು. ಅಲ್ಲೇ ಕೂತು, ಕೆನ್ನೆ ಉಬ್ಬಿಸಿ ಚೀಲಕ್ಕೆ ಗಾಳಿ ಊದತೊಡಗಿದರು. ಅರ್ಧ ಊದಿ ತಲೆಯೆತ್ತಿದರು.

ಮೇಷ್ಟ್ರು: ಅಲ್ವೇ, ಆರು ತಿಂಗಳು ಗೊತ್ತಿದ್ದೂ ಬಾಯಿ ಬಿಡಲಿಲ್ವಲ್ಲ, ಯಾಕೆ?

ಟೈಲರಮ್ಮ: ಬಿಟ್ಟಿದ್ರೆ, ಹಟಕ್ಕೆ ಬಿದ್ದು ನಿಜವಾಗ್ಲೂ ಆಚೆ ದಡಕ್ಕೆ ಹೊರಟುಬಿಡ್ತಿದ್ರಿ!